ಗೋಣಿಚೀಲದ ಕೋಟೆ

ಹಾಲು ಉಕ್ಕುವುದಕ್ಕೂ ಕಂಪನಿ ಬಸ್ಸಿನ ಹಾರ್ನಿಗೂ ನಡುವೆ
ದಿನಕ್ಕೆ ನನಗೆ ಹನ್ನೊಂದು ನಿಮಿಷ ಸಿಗುತ್ತವೆ.
ಅದರಲ್ಲೇ ಕೋಟೆ ಕಟ್ಟಬೇಕು ಅಂದಳು ಗೌತಮಿ.
ದೀಪಾವಳಿಗೆ ಆರೇ ದಿನ,
ಕೆಳಮನೆ ಹುಡುಗರದು ಆಗಲೇ ಬುರುಜಿಗೆ ಬಂದಿದೆ.

ಪುಣೆಯ ಮಕ್ಕಳಿಗೆ ಇದು ಹುಟ್ಟುತ್ತಲೇ ಬರುವ ವಿದ್ಯೆ:
ಪರೀಕ್ಷೆ ಮುಗಿದದ್ದೇ ಇಟ್ಟಿಗೆ ಪೇರಿಸಿ, ಕೆಸರು ಮೆತ್ತಿ, ಕಿಲ್ಲಾ.
ನಾನೋ ಇಂಡಿ ತಾಲೂಕಿನವಳು,
ಹಬ್ಬಕ್ಕೆ ಸಗಣಿಯ ಪಾಂಡವರನ್ನು ಮಾಡಿ ಗೊತ್ತು.
ನಮ್ಮ ಪಾಂಡವರಿಗೆ ಕೋಟೆ ಇರಲಿಲ್ಲ,
ಹೊಸ್ತಿಲ ಆಚೆ ಈಚೆ ಕೂತು
ನೆತ್ತಿಗೆ ಚೆಂಡುಹೂ ಸಿಕ್ಕಿಸಿಕೊಂಡು ಒಣಗುತ್ತಿದ್ದರು.

ಮಣ್ಣು ಎಲ್ಲಿಂದ ತರಲಿ?
ನರ್ಸರಿಯಲ್ಲಿ ಚೀಲಕ್ಕೆ ತೊಂಬತ್ತು.
ಭೋಸರಿ ರಸ್ತೆಯಲ್ಲಿ ಪೈಪಿಗೆಂದು ತೋಡಿ ಮರೆತ ಗುಂಡಿ ಇದೆ,
ಊಟದ ಡಬ್ಬಿ ಖಾಲಿಯಾದ ಮೇಲೆ
ಅದರಲ್ಲೇ ಸಂಜೆಗೊಂದು ಕೋಟೆಯಷ್ಟು ಹೊತ್ತು ತಂದೆ.
ವಾಚ್‌ಮನ್ ಕಂಡ,
ಕಾಣದವನ ಹಾಗೆ ತಂಬಾಕು ತಿಕ್ಕಿದ.

ಮೊದಲ ದಿನ: ಮಿಕ್ಸರಿನ ಡಬ್ಬಿ ಬೋರಲು, ಅದರ ಮೇಲೆ ಚಪ್ಪಲಿಯ ಡಬ್ಬಿ.
ಎರಡನೆಯ ದಿನ ನಲ್ಲಿ ಬರಲಿಲ್ಲ.
ಮೂರನೆಯ ದಿನ, ಅಕ್ಕ ಊರಿಂದ ಜೋಳ ಕಳಿಸಿದ್ದ ಗೋಣಿಚೀಲ
ನೀರಲ್ಲಿ ಅದ್ದಿ ಹೊದಿಸಿದೆವು,
ನಮ್ಮತ್ತೆ ಸೆರಗು ಹೊದ್ದ ಹಾಗೇ ಕೂತಿತು ಗುಡ್ಡ.
ಮೇಲೆ ಕೆಸರು. ಕುಡಿದ ಚಹಾದ ಪುಡಿ ಒಣಗಿಸಿ ದಾರಿ.
ಒಡೆದ ಪೌಡರ್ ಕನ್ನಡಿ ಕೆರೆ.
ತಲೆನೋವಿನ ಗುಳಿಗೆಯ ಖಾಲಿ ಪಟ್ಟಿ ಬೋರಲು ಹಾಕಿದರೆ
ಹತ್ತು ಗುಮ್ಮಟ, ಒಂದೇ ಸಾಲು.
"ನಿನ್ನ ತಲಿ ಇನ್ನಷ್ಟು ನೋಯಬೇಕಿತ್ತವ್ವ," ಅಂದಳು,
"ಈ ಕಡಿ ಗ್ವಾಡಿ ಖಾಲಿ ಅದ."

ಮಹಾರಾಜರ ಗೊಂಬೆಗೆ ನೂರಿಪ್ಪತ್ತು ಹೇಳಿದ ಅಂಗಡಿಯವ.
ನಮ್ಮಲ್ಲಿ ಹೋದ ವರ್ಷದ ಇಬ್ಬರೇ ಸೈನಿಕರು,
ಒಬ್ಬನಿಗೆ ಭರ್ಜಿ ಇದೆ, ಕೈಯಿಲ್ಲ.
ಉಳಿದ ಮಣ್ಣು ಉಂಡೆ ಮಾಡಿ, ತುದಿ ಚೂಪಾಗಿಸಿ,
ಹೂ ಸಿಕ್ಕಿಸಿ ಸಿಂಹಾಸನದಲ್ಲಿಟ್ಟೆ.
"ಇದಕ್ಕ ಕಣ್ಣೇ ಇಲ್ಲಲ್ಲ?"
"ಧರ್ಮರಾಯ. ಕಣ್ಣು ಮುಚ್ಚ್ಯಾನ."

ಸಾಸಿವೆ ಚೆಲ್ಲಬೇಕಿತ್ತು ಹಸಿರಿಗೆ.
ಹತ್ತು ರೂಪಾಯಿಯ ಪೊಟ್ಟಣ ಪರ್ಸಿನಲ್ಲೇ ಉಳಿದು
ಬಸ್ಸಿನ ಪಾಸಿನ ಜೊತೆ
ಮೂರು ದಿನ ಕಂಪನಿಗೆ ಹೋಗಿ ಬಂತು.
ಕೊನೆಗೆ ಒಗ್ಗರಣೆಗೆ ಹಾಕಿದೆ.
ಬೋಳು ಕೋಟೆ. ಅವಳು ಏನೂ ಅನ್ನಲಿಲ್ಲ,
ಅದೇ ಕಷ್ಟವಾಯಿತು.

ಎಣ್ಣೆಸ್ನಾನದ ನಸುಕಿನಲ್ಲಿ ಬಾಲ್ಕನಿಯ ದೀಪ ಹಚ್ಚಲು ಹೋದರೆ
ಕೆಸರು ಬಿರಿದಿದೆ.
ಬಿರುಕಿನಲ್ಲಿ ಮೊಳಕೆ,
ಬುರುಜಿನ ಕಿವಿಯಲ್ಲಿ, ದಾರಿಯ ನಡುವೆ, ಕೈಯಿಲ್ಲದವನ ಬೆನ್ನಿಗೆ.
ಚೀಲದ ನೇಯ್ಗೆಯಲ್ಲಿ ಸಿಕ್ಕಿಕೊಂಡಿದ್ದ ಜೋಳ!
ಅಕ್ಕ ಝಾಡಿಸಿರಲಿಲ್ಲ, ನನಗೆ ತೊಳೆಯಲು ಪುರಸೊತ್ತಿರಲಿಲ್ಲ.

ಪಾಡ್ಯಕ್ಕೆ ಸೊಸೈಟಿಯವರು ಅಂಕ ಹಾಕಲು ಬಂದರು.
"ಗಡದ ಹುಲ್ಲು ಇಷ್ಟೆತ್ತರ ಇರೋದಿಲ್ಲ," ಅಂದರು ಪೊಂಕ್ಷೆ ಆಜೋಬಾ,
ಕನ್ನಡಕ ಏರಿಸಿ ಮತ್ತೆ ಬಗ್ಗಿ ನೋಡಿದರು.
ಕೆಳಮನೆಗೆ ಮೊದಲ ಬಹುಮಾನ, ಕಂಪಾಸ್ ಪೆಟ್ಟಿಗೆ.
ನಮಗೊಂದು ರಬ್ಬರು.
"ನಮ್ಮ ಸೈನಿಕರು ಬೆಳ್ಯಾಗ ಅಡಗ್ಯಾರ್ರಿ,"
ಗೌತಮಿ ಅವರಿಗೆ ಮರಾಠಿಯಲ್ಲಿ ಹೇಳಿ
ನನಗೆ ಕನ್ನಡದಲ್ಲಿ ಹೇಳಿದಳು.

ಹಬ್ಬ ಮುಗಿಯಿತು. ಡಬ್ಬಿಗಳು ಮೆತ್ತಗಾಗಿ ಕೋಟೆ ಕುಸಿಯಿತು.
ಸಸಿಗಳನ್ನು ಪೇಂಟಿನ ಡಬ್ಬಿಗೆ ಎಬ್ಬಿಸಿ ನೆಟ್ಟು
ಬಸ್ಸಿಗೆ ಓಡಿದೆ.
ಗುಳಿಗೆ ತುಂಬುವ ಕೋಣೆಗೆ ಹೋಗುವ ಮುನ್ನ
ಟೋಪಿ, ಗವುಸು, ಅದಕ್ಕೂ ಮೊದಲು ಉಗುರು ತೋರಿಸಬೇಕು.
ಮೇಡಂ ನನ್ನ ಬೆರಳು ಹಿಡಿದು ಬೆಳಕಿಗೆ ತಂದರು.
"ಏನಿದು?"
"ಕೋಟೆ, ಮೇಡಂ."
ಬ್ರಶ್ಶು ಕೊಟ್ಟರು. ನಾನು ತಿಕ್ಕುವುದನ್ನೇ ನೋಡುತ್ತ ನಿಂತು,
ದನಿ ತಗ್ಗಿಸಿ,
"ಮುಂದಿನ ವರ್ಷ ನನ್ನ ಮಗನಿಗೂ ಮಾಡಬೇಕು,
ಆ ಚೀಲ ಎಲ್ಲಿ ಸಿಗುತ್ತದೆ?"

ಎಲ್ಲಾದರೂ ಸಿಗುತ್ತದೆ, ಅಂದೆ.
ಝಾಡಿಸದೆ ಕೊಡಲು ಹೇಳಿ.